ಒಂದು ಸೆಕೆಂಡಿನ ಅಬ್ಬಿ

ಹೊರಡುವ ಮುನ್ನ

ಬೆಂಗಳೂರಿಗೆ ನದಿಯಿಲ್ಲ. ಇದ್ದ ವೃಷಭಾವತಿಯನ್ನು ಏನು ಮಾಡಿದ್ದೇವೆಂಬುದು ಮೈಸೂರು ರಸ್ತೆಯಲ್ಲಿ ಬಸ್ಸಿನ ಕಿಟಕಿ ಮುಚ್ಚುವವರಿಗೆಲ್ಲ ಗೊತ್ತು. ನಲ್ಲಿಯಲ್ಲಿ ಬರುವ ಕಾವೇರಿ ಸುಮಾರು 100 ಕಿಲೋಮೀಟರ್ ದೂರದಿಂದ, ಅರ್ಧ ಕಿಲೋಮೀಟರಿನಷ್ಟು ಏರನ್ನು ಪಂಪುಗಳ ಬಲದಿಂದ ಹತ್ತಿ ಬರುತ್ತಾಳೆ. ನೀರು ಇಳಿಯುವುದನ್ನು ಮರೆತು ಏರುವುದನ್ನೇ ರೂಢಿಸಿಕೊಂಡ ಊರಿದು. ಇಲ್ಲಿ ಕೂತು ಕಯಾಕಿಂಗಿನ, ಅಂದರೆ ಕಿರಿದಾದ ದೋಣಿಯಲ್ಲಿ ಹೊಳೆಯಿಳಿಯುವ ಆಟದ, ಹುಚ್ಚು ಹಿಡಿಸಿಕೊಂಡವರು ವರ್ಷದ ಮುಕ್ಕಾಲು ಭಾಗವನ್ನು ಈಜುಕೊಳದಲ್ಲಿ ಕಳೆಯಬೇಕು. ಬೆಳಗಿನ ಐದೂವರೆಗೆ, ಈಜು ಕಲಿಯುವ ಮಕ್ಕಳು ಬರುವ ಮೊದಲು, ಕೊಳದ ಮೂಲೆಯಲ್ಲಿ ದೋಣಿಯನ್ನು ಬೇಕೆಂದೇ ಮಗುಚಿ, ತಲೆಕೆಳಗಾಗಿ ತೂಗಾಡಿ, ಹುಟ್ಟು ಬೀಸಿ, ಸೊಂಟದ ಒಂದೇ ತಿರುಪಿನಲ್ಲಿ ಮೇಲೆದ್ದು ಕೂರಬೇಕು. ಇದಕ್ಕೆ ರೋಲ್ ಎನ್ನುತ್ತಾರೆ. ನಾನು ಐದು ವರ್ಷದಿಂದ ಕ್ಲೋರಿನ್ ನೀರಿನಲ್ಲಿ ಮಗುಚಿಕೊಳ್ಳುತ್ತಿದ್ದೇನೆ.

ಮಳೆಗಾಲದಲ್ಲಿ ಮಾತ್ರ ನಿಜವಾದ ನೀರು. ಕೊಡಗಿನ ಬಾರಾಪೊಳೆ, ಅದರಾಚೆ ಕೋಝಿಕ್ಕೋಡಿನ ಬೆಟ್ಟಗಳಿಂದ ಇಳಿಯುವ ಚಾಲಿಪ್ಪುಳ. ಆ ಹೊಳೆಯ ಮೇಲೆ 2013ರಿಂದ ಮಲಬಾರ್ ನದಿ ಉತ್ಸವ ನಡೆಯುತ್ತ ಬಂದಿದೆ. ಹೊರದೇಶದ ಕಯಾಕಿಗರು ಅಲ್ಲಿಗೆ ಬರುತ್ತಾರೆ. ಅವರ ಪೈಕಿ ಒಬ್ಬರು ಚಹಾ ಕುಡಿಯುತ್ತ, ಅಬ್ಬಿ ಹಾರುವುದನ್ನು ಕಲಿಯಬೇಕೆಂದರೆ ಮೆಕ್ಸಿಕೋದ ವೆರಾಕ್ರೂಸ್‌ಗೆ ಹೋಗಿ ಎಂದರು. ಆ ಒಂದು ಮಾತು ನಮ್ಮ ಮೂವರ ಉಳಿತಾಯವನ್ನು ನುಂಗಿತು.

ಮೂವರೆಂದರೆ ಮಲ್ಲೇಶ್ವರದ ಒಬ್ಬ ದಂತವೈದ್ಯರು, ಬಾರಾಪೊಳೆಯ ದಂಡೆಯಲ್ಲೇ ಬೆಳೆದು ಈಗ ಬೆಂಗಳೂರಿನಲ್ಲಿ ಕೆಲಸ ಮಾಡುತ್ತಿರುವ ಕೊಡಗಿನ ಹುಡುಗ, ಮತ್ತು ಶಿರಸಿ ಕಡೆಯಿಂದ ಬಂದು ಬನಶಂಕರಿಯಲ್ಲಿ ನೆಲೆಸಿದ ನಾನು. ಅಮೆರಿಕದ ವೀಸಾ ಇದ್ದವರಿಗೆ ಮೆಕ್ಸಿಕೋ ಬೇರೆ ವೀಸಾ ಕೇಳುವುದಿಲ್ಲ. ನಮ್ಮ ಮೂವರ ಹತ್ತಿರವೂ ಕಚೇರಿ, ಸಮ್ಮೇಳನ, ಅಕ್ಕನ ಬಾಣಂತನ ಎಂಬ ನೆಪಗಳಲ್ಲಿ ಸಂಪಾದಿಸಿದ ಆ ಮುದ್ರೆ ಇತ್ತು. ಮಹಡಿಯ ಮೇಲಿನ ಮನೆಯಾಕೆ, "ನೀರಿಗೆ ಬೀಳುವುದಕ್ಕೆ ಅಷ್ಟು ದೂರ ಹೋಗಬೇಕೇ?" ಎಂದು ಕೇಳಿದರು. ಅವರು ಆಗ ಟ್ಯಾಂಕರಿನವನಿಗೆ ಫೋನ್ ಮಾಡುತ್ತಿದ್ದರು. ಪ್ರಶ್ನೆ ಸರಿಯಾಗಿಯೇ ಇತ್ತು.

ಮೊದಲನೆಯ ದಿನ

ವಿಮಾನಗಳ ಬಗ್ಗೆ ಹೇಳುವಂಥದ್ದೇನೂ ಇಲ್ಲ. ಯೂರೋಪಿನ ಮೇಲೆ ಹಾದು, ಹನ್ನೊಂದೂವರೆ ಗಂಟೆಯಷ್ಟು ಹಿಂದಕ್ಕೆ ಸರಿದು, 2,240 ಮೀಟರ್ ಎತ್ತರದ ಮೆಕ್ಸಿಕೋ ನಗರದಲ್ಲಿ ಇಳಿದಾಗ ಉಸಿರು ಸ್ವಲ್ಪ ಗಿಡ್ಡವಾಯಿತು. ದೋಣಿಗಳನ್ನು ಅಲ್ಲಿಯೇ ಬಾಡಿಗೆಗೆ ಗೊತ್ತುಮಾಡಿದ್ದೆವು. ನಾವು ಹೊತ್ತದ್ದು ಹೆಲ್ಮೆಟ್ಟು, ತೇಲುಜಾಕೀಟು, ನಾಲ್ಕು ತುಂಡಾಗಿ ಬಿಚ್ಚಿಡುವ ಹುಟ್ಟುಗಳು. ಸುಂಕದವನು ಒಂದು ತುಂಡನ್ನು ಎತ್ತಿ ತಿರುಗಿಸಿ ನೋಡಿ, ಏನೆಂದು ಕೈಸನ್ನೆಯಲ್ಲಿ ಕೇಳಿದ. ದಂತವೈದ್ಯರು ನಿಂತಲ್ಲೇ ಗಾಳಿಯಲ್ಲಿ ನಾಲ್ಕು ಸಲ ಹುಟ್ಟು ಹಾಕಿ ತೋರಿಸಿದರು. ಹಿಂದಿನ ಸಾಲಿನವರು ಚಪ್ಪಾಳೆ ತಟ್ಟಿದರು.

ನಗರದ ಪೂರ್ವ ತುದಿಯ ಬಸ್ ನಿಲ್ದಾಣದಿಂದ ತ್ಲಪಕೋಯಾನ್‌ಗೆ ಹೊರಟೆವು. ಪ್ರಸ್ಥಭೂಮಿ ಒಣಗಿದ ಚಿತ್ರದುರ್ಗದಂತೆ ಗಂಟೆಗಟ್ಟಲೆ ಸಾಗಿ, ತೆಸಿಯುತ್ಲಾನ್ ಎಂಬ ಊರು ದಾಟಿದ ಮೇಲೆ ಒಮ್ಮೆಲೇ ಘಟ್ಟ ಶುರುವಾಯಿತು. ಮಂಜು, ತಿರುವು, ಜರೀಗಿಡ, ಕಾಫಿ, ಬಾಳೆ. ಕೊಲ್ಲಿಯಿಂದ ಬರುವ ತೇವದ ಗಾಳಿ ಈ ಪರ್ವತಗೋಡೆಗೆ ಬಡಿದು ಮಳೆ ಸುರಿಸುತ್ತದೆ. ಆ ಮಳೆಯೇ ಇಲ್ಲಿನ ಹೊಳೆಗಳೆಲ್ಲ. ಆಗುಂಬೆಯಲ್ಲಿ ಅರಬ್ಬಿ ಸಮುದ್ರ ಮಾಡುವ ಕೆಲಸವನ್ನೇ ಇಲ್ಲಿ ಮೆಕ್ಸಿಕೋ ಕೊಲ್ಲಿ ಮಾಡುತ್ತದೆ, ದಿಕ್ಕು ಮಾತ್ರ ಅದಲುಬದಲು. ತ್ಲಪಕೋಯಾನ್ ಎಂಬ ಹೆಸರಿಗೆ ನಾವಾತ್ಲ್ ಭಾಷೆಯಲ್ಲಿ ಒಗೆಯುವ ಜಾಗ ಎಂಬ ಅರ್ಥವಂತೆ. ನಮ್ಮನ್ನು ಒಗೆಯಲಿಕ್ಕೆ ತಕ್ಕ ಊರು ಎಂದು ಕೊಡಗಿನವನು ನಕ್ಕ. ಮೂರನೆಯ ದಿನ ಅವನು ಆ ಮಾತನ್ನು ನೆನಪಿಸಿದಾಗ ನಾನು ನಗಲಿಲ್ಲ.

ಎರಡನೆಯ ದಿನ

ಮೈ ಸಡಿಲಾಗಲೆಂದು ನಮ್ಮ ಮಾರ್ಗದರ್ಶಿ, ಸ್ಥಳೀಯ ಹುಡುಗ, ಬೊಬೋಸ್ ನದಿಗೆ ಕರೆದೊಯ್ದ. ಇಲ್ಲಿಯವರು ಇದನ್ನು ಫಿಲೋಬೋಬೋಸ್ ಎಂದೂ ಕರೆಯುತ್ತಾರೆ. ಸುಲಭದ ನೀರು, ಹಸಿರು ಕಣಿವೆ. ದಂಡೆಯಲ್ಲಿ ಎಲ್ ಕ್ವಾಹಿಲೋತೆ ಎಂಬ ಪ್ರಾಚೀನ ಊರಿನ ಅವಶೇಷ. ಹುಲ್ಲು ಹೊದ್ದ ಮೆಟ್ಟಿಲು ಪಿರಮಿಡ್ಡುಗಳ ನಡುವಿನ ಬಯಲಿನಲ್ಲಿ ನಾವು ನಾಲ್ವರನ್ನು ಬಿಟ್ಟರೆ ಯಾರೂ ಇರಲಿಲ್ಲ.

ಬಾಡಿಗೆ ದೋಣಿ ನನಗೆ ಒಂದು ಅಳತೆ ದೊಡ್ಡದು. ತೊಡೆಯ ಪಕ್ಕಕ್ಕೆ ಸ್ಪಂಜು ತುರುಕಿಕೊಂಡೆ. ಕಯಾಕನ್ನು ಕುಳಿತುಕೊಳ್ಳುವ ವಾಹನವೆಂದು ತಿಳಿದರೆ ತಪ್ಪು. ಅದನ್ನು ತೊಡಬೇಕು, ಬಿಗಿಯಾದ ಚಪ್ಪಲಿಯ ಹಾಗೆ.

ಸಂಜೆ ಪೇಟೆಯಲ್ಲಿ ಸಪೋಟ, ಸೀಬೆ, ಪಪ್ಪಾಯಿ, ರಾಶಿ ರಾಶಿ ಒಣಮೆಣಸಿನಕಾಯಿ. ಎಲ್ಲವೂ ನಮ್ಮವೇ ಎಂದು ಬೆಂಗಳೂರಿನ ಗಾಂಧಿಬಜಾರಿನಲ್ಲಿ ನಂಬಿಕೊಂಡಿದ್ದೆವು. ಇಲ್ಲಿಗೆ ಬಂದರೆ ಗೊತ್ತಾಗುತ್ತದೆ, ಇದು ಅವುಗಳ ತವರುಮನೆ, ನಾವು ಬೀಗರು. ಬಾಳೆಲೆಯಲ್ಲಿ ಸುತ್ತಿ ಬೇಯಿಸಿದ ತಮಾಲೆ ನೋಡಿ ಕಡುಬೆಂದು ಹಿಗ್ಗಿದೆ. ಆದರೆ ಹಿಟ್ಟಿಗೆ ಹಂದಿಯ ಕೊಬ್ಬು ಹಾಕುತ್ತಾರೆ. ಸಸ್ಯಾಹಾರಿಯಾದ ನನಗೆ ಎಂಟು ದಿನ ತೋರ್ತಿಯ ರೊಟ್ಟಿ, ಬೆಣ್ಣೆಹಣ್ಣು, ಮೊಟ್ಟೆ ಮುಟ್ಟಲೋ ಬೇಡವೋ ಎಂಬ ಧರ್ಮಸಂಕಟ, ಇಷ್ಟೇ ಗತಿಯಾಯಿತು. ಮಣ್ಣಿನ ಗಡಿಗೆಯಲ್ಲಿ ದಾಲ್ಚಿನ್ನಿ, ಬೆಲ್ಲ ಹಾಕಿ ಕುದಿಸಿದ ಕಾಫಿ ಮಾತ್ರ ಅಜ್ಜಿಯ ಮನೆಯದೇ.

ಮೂರನೆಯ ದಿನ

ಅಲ್ಸೆಸೆಕಾ. ಈ ಹೊಳೆಯ ಹೆಸರನ್ನು ಕಯಾಕಿಗರು ನಾವು ಜೋಗದ ಹೆಸರು ಹೇಳುವ ಹಾಗೆ ಹೇಳುತ್ತಾರೆ. ಆದರೆ ಜೋಗ ಒಂದೇ ಸಲ 253 ಮೀಟರ್ ಬೀಳುತ್ತದೆ. ಅದನ್ನು ನೋಡಬಹುದು, ಹಾರುವ ಮಾತಿಲ್ಲ. ಅಲ್ಸೆಸೆಕಾ ಕಪ್ಪು ಬಸಾಲ್ಟ್ ಕಲ್ಲಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತದೆ. ಒಂದು ಜಾರುಬಂಡೆ, ಒಂದು ಮಡು, ಒಂದು ಅಬ್ಬಿ, ಮತ್ತೆ ಮಡು. ಬಿದ್ದವರು ಸುಧಾರಿಸಿಕೊಳ್ಳಲೆಂದೇ ಯಾರೋ ಮಡುಗಳನ್ನು ಇಟ್ಟಂತಿದೆ. ರಸ್ತೆಗೆ ಹತ್ತಿರದಲ್ಲಿ ಸಾಗುವ ಭಾಗಕ್ಕೆ ರೋಡ್‌ಸೈಡ್ ಎಂದೇ ಹೆಸರು. ನಾವು ಇಳಿದದ್ದು ಅಲ್ಲಿ.

ಹೊರಗಿನವರಿಗೆ ಗೊತ್ತಿಲ್ಲದ ಸಂಗತಿಯೆಂದರೆ ಈ ಆಟದಲ್ಲಿ ದೋಣಿ ನಡೆಸುವುದು ಕಡಿಮೆ, ದಂಡೆಯಲ್ಲಿ ನಿಂತು ನೋಡುವುದು ಹೆಚ್ಚು. ಅಬ್ಬಿಯ ಸದ್ದು ಕೇಳಿದೊಡನೆ ಬಂಡೆಯ ಹಿಂದೆ ನೀರು ಹಿಮ್ಮುಖವಾಗಿ ತಿರುಗುವ ಶಾಂತ ಜಾಗಕ್ಕೆ, ಅಂದರೆ ಎಡ್ಡಿಗೆ, ದೋಣಿ ನುಗ್ಗಿಸಬೇಕು. ಇಳಿಯಬೇಕು. ಬಂಡೆ ಹತ್ತಿ ಕೆಳಗೆ ನೋಡಬೇಕು. ಅಬ್ಬಿಯ ತುಟಿಯಲ್ಲಿ, ಅಂದರೆ ನೀರು ಬೀಳಲು ಶುರುವಾಗುವ ಅಂಚಿನಲ್ಲಿ, ನೀರು ಎತ್ತ ವಾಲುತ್ತದೆ, ಕೆಳಗೆ ನೊರೆ ಎಷ್ಟಗಲವಿದೆ, ನೊರೆ ಮುಂದಕ್ಕೆ ಹರಿಯುತ್ತಿದೆಯೋ ಇಲ್ಲಾ ಗೋಡೆಯ ಕಡೆಗೆ ಹಿಂದಕ್ಕೆ ಎಳೆಯುತ್ತಿದೆಯೋ. ಹಿಂದಕ್ಕೆ ಎಳೆಯುತ್ತಿದ್ದರೆ ಅದು ಬಿದ್ದವರನ್ನು ಬೀಸುಕಲ್ಲಿನಂತೆ ಅಲ್ಲಿಯೇ ತಿರುಗಿಸುತ್ತದೆ. ಎರಡು ಎಲೆ ಎಸೆದು ನೋಡಬೇಕು. ಹಗ್ಗದ ಚೀಲ ಹಿಡಿದು ಒಬ್ಬರು ಕೆಳಗೆ ನಿಲ್ಲಬೇಕು. ನೀರಿನ ಸದ್ದಿನಲ್ಲಿ ಮಾತು ಕೇಳುವುದಿಲ್ಲವಾದ್ದರಿಂದ ಹುಟ್ಟನ್ನು ನೆಟ್ಟಗೆ ಎತ್ತಿದರೆ ಬಾ, ಅಡ್ಡ ಹಿಡಿದರೆ ನಿಲ್ಲು. ಅರ್ಧ ಗಂಟೆ ಹೀಗೆ ಕಳೆದು, ಹಾರಿದರೆ ಒಂದು ಸೆಕೆಂಡು. ಆರು ಮೀಟರಿನ ಅಬ್ಬಿಯಿಂದ ಬೀಳಲು ಸೆಕೆಂಡಿಗಿಂತ ಚೂರು ಹೆಚ್ಚು ಬೇಕು. ನೀರು ಮುಟ್ಟುವಾಗ ವೇಗ ಗಂಟೆಗೆ ಸುಮಾರು 39 ಕಿಲೋಮೀಟರ್. ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ ಸಂಜೆ ಯಾರಿಗೂ ಸಿಗದ ವೇಗವದು.

ಮೂರು ಜಾರುಬಂಡೆ ಚೆನ್ನಾಗಿಯೇ ಇಳಿದೆ. ನಾಲ್ಕನೆಯದು ನಮ್ಮ ಅಂದಾಜಿಗೆ ಆರು ಮೀಟರಿನ ಅಬ್ಬಿ. ಗಿಡ್ಡ ಅಬ್ಬಿಗಳಲ್ಲಿ ತುಟಿಯ ಮೇಲೆ ಕೊನೆಯ ಒಂದು ಬಲವಾದ ಹುಟ್ಟು ಹಾಕಿ, ಸೊಂಟ ಎತ್ತಿ, ದೋಣಿಯ ಮೂತಿಯನ್ನು ಮೇಲಿಟ್ಟುಕೊಂಡು ಚಪ್ಪಟೆಯಾಗಿ ಇಳಿಯುವುದುಂಟು. ಇಳಿದಾಗ ಬರುವ ಸದ್ದಿನ ಮೇಲೆಯೇ ಅದಕ್ಕೆ ಬೂಫ್ ಎಂದು ಹೆಸರು. ಅಬ್ಬಿ ಎತ್ತರವಾದಷ್ಟೂ ಈ ಬೂಫ್ ಅಪಾಯ. ಚಪ್ಪಟೆಯಾಗಿ ಬಿದ್ದರೆ ಪೆಟ್ಟೆಲ್ಲ ಬೆನ್ನುಮೂಳೆಗೆ, ಕಶೇರುಕ ಜಜ್ಜಿಹೋದವರಿದ್ದಾರೆ. ಅದರಲ್ಲೂ ನೊರೆಯಿಲ್ಲದ ಹಸಿರು ನೀರು ಕಲ್ಲಿನಷ್ಟೇ ಗಟ್ಟಿ. ಗಾಳಿ ತುಂಬಿದ ಬಿಳಿ ನೀರು ಹತ್ತಿಯ ಮೂಟೆ. ಆದ್ದರಿಂದ ದೊಡ್ಡ ಅಬ್ಬಿಯಲ್ಲಿ ಮೂತಿಯನ್ನು ಕೆಳಕ್ಕೆ ಬಾಗಲು ಬಿಟ್ಟು, ಮುಂದಕ್ಕೆ ಬಗ್ಗಿ, ಹುಟ್ಟನ್ನು ದೋಣಿಯ ಉದ್ದಕ್ಕೆ ಪಕ್ಕಕ್ಕಿಟ್ಟು, ಮುಖ ತಿರುಗಿಸಿಕೊಂಡು ಸೂಜಿಯಂತೆ ನೀರನ್ನು ಚುಚ್ಚಬೇಕು.

ಇದನ್ನೆಲ್ಲ ನಾನು ಬಲ್ಲೆ. ತರಗತಿ ತೆಗೆದುಕೊಳ್ಳುವಷ್ಟು ಬಲ್ಲೆ. ಆದರೆ ತುಟಿಯ ಮೇಲೆ ಬಂದಾಗ ಕೈ ತಾನಾಗಿಯೇ ಹುಟ್ಟನ್ನು ಎದೆಯ ಮುಂದೆ ಅಡ್ಡ ಹಿಡಿಯಿತು, ಬಸ್ಸಿನಲ್ಲಿ ಬ್ರೇಕ್ ಹಾಕಿದಾಗ ಕಂಬಿ ಹಿಡಿಯುವಂತೆ. ನೀರು ಹುಟ್ಟನ್ನು ನನ್ನ ಮೂಗಿಗೆ ಹೊಡೆಯಿತು. ಕತ್ತಲೆ, ಸದ್ದು, ತಲೆಕೆಳಗು. ಮೊದಲ ರೋಲ್ ತಪ್ಪಿತು. ಎರಡನೆಯದಕ್ಕೆ ಮೇಲೆದ್ದೆ. ಜಾಕೀಟಿನ ಮೇಲೆಲ್ಲ ರಕ್ತ. ದಂತವೈದ್ಯರು ಈಜುತ್ತಲೇ ಬಂದು ಮೊದಲು ನನ್ನ ತುಟಿ ಸರಿಸಿ ಹಲ್ಲು ನೋಡಿದರು. "ಎಲ್ಲ ಇವೆ" ಎಂದ ಮೇಲೆಯೇ ಅವರಿಗೆ ಮೂಗಿನ ನೆನಪಾದದ್ದು.

ಉಳಿದ ದಾರಿಯಲ್ಲಿ ಎರಡು ಅಬ್ಬಿಗಳನ್ನು ನಾನು ಹಾರಲಿಲ್ಲ. ಇಪ್ಪತ್ತು ಕಿಲೋ ಮೀರಿದ ಪ್ಲಾಸ್ಟಿಕ್ ದೋಣಿಯನ್ನು ಹೆಗಲಿಗೇರಿಸಿ ಬಾಳೆತೋಟದ ಕೆಸರಿನಲ್ಲಿ ಸುತ್ತಿಬಂದೆ.

ನಾಲ್ಕನೆಯ ದಿನ

ರಾತ್ರಿ ನೋರ್ತೆ ಬಂತು. ಚಳಿಗಾಲದಲ್ಲಿ ಉತ್ತರದಿಂದ ಕೊಲ್ಲಿಯ ಮೇಲೆ ಬೀಸಿ ಬರುವ ತಣ್ಣನೆಯ ಗಾಳಿಗೆ ಇಲ್ಲಿನ ಹೆಸರದು. ಮಂಗಳೂರು ಹಂಚನ್ನು ನೆನಪಿಸುವ ಮಾಡಿನ ಮೇಲೆ ಎಡೆಬಿಡದ ಜಿಟಿಜಿಟಿ. ಹೊಳೆ ಕೆಂಪಾಗಿ ಉಬ್ಬಿತು. ದೋಣಿಗಳನ್ನು ಕಟ್ಟಿಟ್ಟು ಪಾಪಂತ್ಲಾಕ್ಕೆ ಹೋಗೋಣವೆಂದೆ. ಅದು ನನ್ನ ಸ್ವಂತ ಕೆಲಸ.

ಈ ಶತಮಾನದ ಆರಂಭದಲ್ಲಿ ಮಲೆನಾಡಿಗೆ ವೆನಿಲ್ಲಾ ಜ್ವರ ಬಂದಿತ್ತು. ಅಪ್ಪ ಅಡಕೆ ತೋಟದ ಮರ ಮರಕ್ಕೂ ಬಳ್ಳಿ ಹಬ್ಬಿಸಿದರು. ಹಸಿ ಕೋಡಿಗೆ ಕಿಲೋಗೆ ಸಾವಿರಗಳ ಲೆಕ್ಕದಲ್ಲಿ ಬೆಲೆ. ಕಳ್ಳರ ಭಯಕ್ಕೆ ರಾತ್ರಿ ಬ್ಯಾಟರಿ ಹಿಡಿದು ತೋಟ ಕಾಯುತ್ತಿದ್ದರು. ಹೂವು ಬೆಳಿಗ್ಗೆ ಅರಳಿ ಮಧ್ಯಾಹ್ನದ ಹೊತ್ತಿಗೆ ಬಾಡುತ್ತದೆ. ಅಷ್ಟರೊಳಗೆ ಕಡ್ಡಿಯಿಂದ ಒಳಗಿನ ಪೊರೆ ಎತ್ತಿ, ಹೆಬ್ಬೆರಳಿನಿಂದ ಒತ್ತಿ ಪರಾಗ ಮುಟ್ಟಿಸಬೇಕು. ಶಾಲೆಗೆ ಹೋಗುವ ಮುನ್ನ ನಾನೂ ನೂರಾರು ಹೂವಿಗೆ ಮದುವೆ ಮಾಡಿಸಿದ್ದೇನೆ. ಈ ಉಪಾಯವನ್ನು 1841ರಲ್ಲಿ ರಿಯೂನಿಯನ್ ದ್ವೀಪದಲ್ಲಿ ಕಂಡುಕೊಂಡವನು ಎಡ್ಮಂಡ್ ಅಲ್ಬಿಯಸ್, ಹನ್ನೆರಡು ವರ್ಷದ ಗುಲಾಮ ಹುಡುಗ. ಬಳ್ಳಿ ಮಾತ್ರ ಮೂಲದಲ್ಲಿ ಈ ನಾಡಿನದು, ತೊತೊನಾಕ್ ಜನರದು. ಆಮೇಲೆ ಬೆಲೆ ಬಿತ್ತು. ಯಾವ ಅಬ್ಬಿಯೂ ಹಾಗೆ ಬೀಳುವುದಿಲ್ಲ. ಅಪ್ಪ ಬಳ್ಳಿ ಕಿತ್ತು ಗೊಬ್ಬರದ ಗುಂಡಿಗೆ ಹಾಕಿದರು. ಆಮೇಲೆ ಮನೆಯಲ್ಲಿ ಯಾರೂ ಆ ಹೆಸರು ಎತ್ತಲಿಲ್ಲ.

ಪಾಪಂತ್ಲಾದ ಅಂಗಡಿಯಲ್ಲಿ ಕಪ್ಪು ಕೋಡುಗಳಿಂದ ಹೆಣೆದ ಚೇಳು, ಹೂವು, ಶಿಲುಬೆ. ಒಂದು ಕಟ್ಟು ಮೂಗಿಗೆ ಹಿಡಿದೆ. ಊದಿದ ಮೂಗಿಗೆ ಏನೂ ತಿಳಿಯಲಿಲ್ಲ.

ಮಳೆ ಒಂದು ತಾಸು ಬಿಡುವು ಕೊಟ್ಟಾಗ ವೊಲಾದೋರೆಗಳನ್ನು ನೋಡಿದೆವು. ಯುನೆಸ್ಕೋ 2009ರಲ್ಲಿ ತನ್ನ ಪಟ್ಟಿಗೆ ಸೇರಿಸಿಕೊಂಡ ಆಚರಣೆ. ಐವರು ಎತ್ತರದ ಕಂಬ ಹತ್ತುತ್ತಾರೆ. ಒಬ್ಬನು ತುದಿಯಲ್ಲಿ ಉಳಿದು ಕೊಳಲೂದುತ್ತ ಪುಟ್ಟ ಡೋಲು ಬಾರಿಸುತ್ತಾನೆ. ನಾಲ್ವರು ಹಗ್ಗ ಕಟ್ಟಿಕೊಂಡು ತಲೆಕೆಳಗಾಗಿ ಕಂಬದಿಂದ ಜಾರಿ, ಸುತ್ತುತ್ತ ಸುತ್ತುತ್ತ ಇಳಿಯುತ್ತಾರೆ. ಒಬ್ಬೊಬ್ಬರಿಗೆ 13 ಸುತ್ತು, ಒಟ್ಟು 52. ಕೆಳಕ್ಕೆ ಬರುವುದರಲ್ಲಿ ಇಷ್ಟೊಂದು ಪುರುಸೊತ್ತನ್ನು ನಾನು ಕಂಡಿರಲಿಲ್ಲ. ಅವರ ಕೈಗಳನ್ನೇ ನೋಡಿದೆ: ಏನನ್ನೂ ಹಿಡಿದಿರಲಿಲ್ಲ, ಸುಮ್ಮನೆ ಚಾಚಿದ್ದವು.

ಐದನೆಯ ದಿನ

ಮಳೆ. ಬಟ್ಟೆ ಒಣಗಲಿಲ್ಲ. ಇಸ್ಪೀಟು ಆಡಿ ನಲವತ್ತು ಪೆಸೊ ಕಳೆದುಕೊಂಡೆ.

ಆರನೆಯ ದಿನ

ನೀರು ಇಳಿದಿತ್ತು, ಆದರೆ ಮೂರನೆಯ ದಿನದಷ್ಟಲ್ಲ. ಅದೇ ಹೊಳೆ, ಅದೇ ಅಬ್ಬಿ. ನೋಡಿದರೆ ಬೇರೆಯೇ ಅಬ್ಬಿ. ತುಟಿಯ ಎಡಕ್ಕಿದ್ದ ಕಲ್ಲು ಮುಳುಗಿತ್ತು. ನೊರೆ ಅಗಲವಾಗಿ ಹರಡಿ ಮುಂದಕ್ಕೆ ಓಡುತ್ತಿತ್ತು. ಅಂದರೆ ಸುಲಭವಾಗಿತ್ತು. ಇದನ್ನು ಹೇಳಿದರೆ ಸಾಹಸದ ಕಥೆ ಕೇಳಬಯಸುವವರಿಗೆ ನಿರಾಸೆಯಾಗುತ್ತದೆ, ಆದರೆ ನಿಜ ಅದೇ.

ಮಾರ್ಗದರ್ಶಿ ಬಂಡೆಯ ಮೇಲೆ ಕೂರಿಸಿ, ಕಣ್ಣು ಮುಚ್ಚಿ ಕೈಯನ್ನು ಪಕ್ಕಕ್ಕಿಡುವ ಅಭ್ಯಾಸ ಮಾಡಿಸಿದ. ಹತ್ತು ಸಲ, ಇಪ್ಪತ್ತು ಸಲ. ಚಿಕ್ಕಂದಿನಲ್ಲಿ ಭರತನಾಟ್ಯದ ಮೇಷ್ಟರು ಹೀಗೆಯೇ ಅಡವು ಹಾಕಿಸುತ್ತಿದ್ದರು. ಕೊಡಗಿನವನು ಕೆಳಗಿನಿಂದ ಹುಟ್ಟು ನೆಟ್ಟಗೆ ಎತ್ತಿದ. ಎಡ್ಡಿಯಿಂದ ಹೊರಟೆ. ಮೂರು ಹುಟ್ಟು, ನಾಲ್ಕನೆಯದು ತುಟಿಯ ಮೇಲೆ, ಆಮೇಲೆ ಎಳೆಯಲು ನೀರೇ ಇಲ್ಲ. ಕೈ ಪಕ್ಕಕ್ಕೆ ಹೋಯಿತು. ಹೋದದ್ದನ್ನು ನಾನು ನೋಡಿದೆ. ಆ ಒಂದು ಸೆಕೆಂಡಿನಲ್ಲಿ ಗೋಡೆಯ ಮೇಲಿನ ಜರೀಗಿಡವೊಂದು ಸ್ಪಷ್ಟವಾಗಿ ಕಂಡಿತು, ಅದರ ತುದಿಯಲ್ಲಿ ನೀರಹನಿ ಕೂಡ. ಆಮೇಲೆ ಬಿಳಿ. ದೋಣಿ ತಾನೇ ಮುಂದೆ ಚಿಮ್ಮಿತು. ಮಗುಚಲೂ ಇಲ್ಲ.

ಮತ್ತೆ ಹತ್ತಿ ಹೋಗಿ ಇನ್ನೆರಡು ಸಲ ಹಾರಿದೆ. ಎರಡನೆಯದು ಅಷ್ಟೇ ಚೆನ್ನಾಗಿತ್ತು. ಮೂರನೆಯದರಲ್ಲಿ ಸೊಕ್ಕು ಬಂದು ಮಗುಚಿಕೊಂಡೆ.

ಏಳನೆಯ ದಿನ

ತೊಮಾತಾ. ಅಲ್ಸೆಸೆಕಾದಲ್ಲೇ ಇರುವ ಈ ಅಬ್ಬಿಯ ಎತ್ತರವನ್ನು ಕಯಾಕಿಗರು ಸುಮಾರು 18 ಮೀಟರ್ ಎನ್ನುತ್ತಾರೆ. ಆರು ಮಹಡಿಯ ಕಟ್ಟಡ. ಲೆಕ್ಕ ಹಾಕಿದರೆ ಬೀಳುವುದಕ್ಕೆ ಎರಡು ಸೆಕೆಂಡಿಗೆ ಸ್ವಲ್ಪ ಕಡಿಮೆ, ನೀರು ಮುಟ್ಟುವಾಗ ಗಂಟೆಗೆ ಸುಮಾರು 68 ಕಿಲೋಮೀಟರ್. ಲೋಕದಲ್ಲಿ ಇದಕ್ಕಿಂತ ದೊಡ್ಡವನ್ನು ಹಾರಿದವರಿದ್ದಾರೆ. 2009ರಲ್ಲಿ ಟೈಲರ್ ಬ್ರ್ಯಾಟ್ ಅಮೆರಿಕದ ವಾಷಿಂಗ್ಟನ್ ರಾಜ್ಯದ ಪಲೂಸ್ ಜಲಪಾತದಿಂದ ಇಳಿದ. ಅದು ಸುಮಾರು 57 ಮೀಟರ್. ಆದರೆ ಅಂಥ ಅಂಕಿಗಳು ಓದುವುದಕ್ಕೆ. ತೊಮಾತಾದ ಎದುರು ನಿಂತಾಗ 18 ಸಾಕು.

ಹೊರಡುವಾಗಲೇ ಮೂವರೂ ಇದನ್ನು ಹಾರುವುದಾಗಿ ಮಾತಾಡಿಕೊಂಡಿದ್ದೆವು, ಬೆಂಗಳೂರಿನ ದರ್ಶಿನಿಯೊಂದರಲ್ಲಿ ನಿಂತು, ಇಡ್ಲಿ ತಿನ್ನುತ್ತ. ಕಣಿವೆಗೆ ಇಳಿಯುವ ಜಾರುದಾರಿಯಲ್ಲಿ ದಂತವೈದ್ಯರು ಮೊದಲು ತಮ್ಮ ಬೆನ್ನಿನ ವಯಸ್ಸು ಹೇಳಿದರು. ದೋಣಿ ಗಾಡಿಯಲ್ಲಿಯೇ ಉಳಿಯಿತು. ನಾನು ನನ್ನದನ್ನು ಅರ್ಧ ದಾರಿ ಹೊತ್ತೆ.

ಒಂದು ಗಂಟೆ ನೋಡಿದೆ. ಇಳಿಯುವ ದಾರಿ ಕಾಣುತ್ತಿತ್ತು. ಎಲ್ಲಿಂದ ಹೊರಡಬೇಕು, ಎಲ್ಲಿ ಮೂತಿ ಬಾಗಬೇಕು, ಎಲ್ಲಿ ಬಿಳಿ ದಪ್ಪವಾಗಿದೆ, ಎಲ್ಲ ಕಾಣುತ್ತಿತ್ತು. ಹಾರುವ ನನ್ನನ್ನು ಮಾತ್ರ ಅಲ್ಲಿ ಎಲ್ಲಿಟ್ಟರೂ ಕಾಣಲಿಲ್ಲ. ಹೆದರಿಕೆಯೇ ಎಂದು ಕೊಡಗಿನವನು ಕೇಳಿದ. ಅಲ್ಲ ಎಂದೆ. ಹೆದರಿಕೆ ಮೂರನೆಯ ದಿನವೂ ಇತ್ತು, ಆರನೆಯ ದಿನವೂ ಇತ್ತು. ಅದರ ಜೊತೆಗೆ ಒಂದು ಚಿತ್ರವೂ ಇರುತ್ತಿತ್ತು. ಇವತ್ತು ಚಿತ್ರವಿಲ್ಲ. ಅವನು ತಲೆಯಾಡಿಸಿ ತನ್ನ ಸ್ಕರ್ಟನ್ನು, ಅಂದರೆ ನೀರು ಒಳನುಗ್ಗದಂತೆ ಸೊಂಟಕ್ಕೆ ತೊಡುವ ಹೊದಿಕೆಯನ್ನು, ದೋಣಿಯ ಬಾಯಿಗೆ ಬಿಗಿದುಕೊಂಡ. ನಾನು ಹಗ್ಗದ ಚೀಲ ತೆಗೆದುಕೊಂಡು ಮಡುವಿನ ಅಂಚಿಗೆ ಇಳಿದೆ.

ಕೆಳಗಿನಿಂದ ಅಬ್ಬಿ ಇನ್ನೂ ದೊಡ್ಡದು. ತುಂತುರಿನಲ್ಲಿ ಕಣ್ಣು ಬಿಡುವುದೇ ಕಷ್ಟ. ಮೇಲೆ ಮಾರ್ಗದರ್ಶಿಯ ಹುಟ್ಟು ನೆಟ್ಟಗಾಯಿತು. ಕಿತ್ತಳೆ ಬಣ್ಣದ ಮೂತಿಯೊಂದು ತುಟಿಯ ಮೇಲೆ ಕಾಣಿಸಿತು, ಒಂದು ಕ್ಷಣ ಯೋಚಿಸುವಂತೆ ನಿಂತಿತು, ಬಾಗಿತು. ಅರ್ಧ ದಾರಿಯಲ್ಲಿ ಅವನು ಹುಟ್ಟನ್ನು ದೂರ ಎಸೆದು ಮಡಿಚಿಕೊಂಡ. ಆಮೇಲೆ ದೋಣಿಯೂ ಇಲ್ಲ, ಅವನೂ ಇಲ್ಲ. ಬರೀ ನೊರೆ. ಎಣಿಸಿದೆ. ನಾಲ್ಕಕ್ಕೆ ದೋಣಿಯ ತಳ ಮೇಲೆದ್ದಿತು. ಐದು, ಆರು. ಹುಟ್ಟಿಲ್ಲ, ಬರಿಗೈಯಲ್ಲಿ ರೋಲ್ ಮಾಡಬೇಕು. ಏಳಕ್ಕೆ ಅವನ ಕೈಯೊಂದು ನೀರನ್ನು ಬಡಿಯಿತು, ಸೊಂಟ ತಿರುಗಿತು, ಹೆಲ್ಮೆಟ್ಟು ಮೇಲೆ ಬಂತು. ನಾನು ಎಸೆದ ಹಗ್ಗ ಅವನಿಗೆ ಬೇಕಾಗಿರಲಿಲ್ಲ, ಆದರೂ ಹಿಡಿದುಕೊಂಡ.

ಹೇಗಿತ್ತು ಎಂದು ಕೇಳಿದೆ. ತುಂಬ ಹೊತ್ತು ಯೋಚಿಸಿ, "ಮೇಲಿನ ಎಡ್ಡಿ ಬಹಳ ಚೆನ್ನಾಗಿತ್ತು" ಎಂದ. ಮಿಕ್ಕದ್ದು ಅವನಿಗೆ ನೆನಪಿರಲಿಲ್ಲ. ಆ ಎರಡು ಸೆಕೆಂಡನ್ನು ಇಡಿಯಾಗಿ ನೋಡಿದವರು ನಾನು, ದಂತವೈದ್ಯರು ಮತ್ತು ಎದುರು ಗುಡ್ಡದಲ್ಲಿ ಬಾಳೆಗೊನೆ ಹೊತ್ತು ನಿಂತಿದ್ದ ಒಬ್ಬ ಮುದುಕ.

ದೋಣಿಯನ್ನು ಮತ್ತೆ ಹೊತ್ತು ಹತ್ತಿದೆ. ಇಳಿಯುವಾಗ ಇದ್ದಷ್ಟೇ ಭಾರವಿತ್ತು.

ಎಂಟನೆಯ ದಿನ

ಹಿಂದಿರುಗುವ ಹಾದಿಯನ್ನು ಸುತ್ತುಬಳಸು ಮಾಡಿಕೊಂಡು ಹಲಾಪಾ ಕಡೆಗೆ ಹೋದೆವು. ಹಲಪೇನ್ಯೊ ಮೆಣಸಿನಕಾಯಿಗೆ ಹೆಸರು ಕೊಟ್ಟ ಊರು. ಅಲ್ಲಿನ ವಸ್ತುಸಂಗ್ರಹಾಲಯದಲ್ಲಿ ಓಲ್ಮೆಕ್ ಜನರು ಕಡೆದ ದೈತ್ಯ ಕಲ್ಲುತಲೆಗಳು ಏಳು. ಅವುಗಳ ಮೂಗು ನನ್ನದಕ್ಕಿಂತ ಚಪ್ಪಟೆ ಎಂಬುದು ಸಮಾಧಾನ.

ಮಧ್ಯಾಹ್ನ ಆಕ್ತೋಪಾನ್ ನದಿ. ಎಲ್ ದೆಸ್ಕಬೆಸಾದೆರೊ ಎಂಬಲ್ಲಿ ಈ ನದಿ ಬೆಟ್ಟದ ಬಂಡೆಗಳ ನಡುವಿನಿಂದ ಹತ್ತಾರು ಕಡೆ ಚಿಮ್ಮಿ, ಅಬ್ಬಿಗಳಾಗಿ ಕಣಿವೆಗೆ ಬೀಳುತ್ತದೆ. ಹುಟ್ಟಿದ ಗಳಿಗೆಯಲ್ಲೇ ಪೂರ್ತಿ ಬೆಳೆದ ನದಿ. ತಿಳಿನೀರು, ಗಿಡ್ಡ ಗಿಡ್ಡ ಅಬ್ಬಿಗಳು. ಮೂವರೂ ಮಕ್ಕಳಂತೆ ಹಾರಿದೆವು. ಊರಿನ ನಿಜವಾದ ಮಕ್ಕಳು ದೋಣಿಯ ಗೊಡವೆಯಿಲ್ಲದೆ ಅವೇ ಬಂಡೆಗಳಿಂದ ಹಾರುತ್ತಿದ್ದರು. ಅವರಲ್ಲೊಬ್ಬಳು ನನ್ನ ದೋಣಿಯನ್ನು ಬೆರಳಿನಿಂದ ಬಡಿದು, ಇದೆಲ್ಲ ಯಾತಕ್ಕೆ ಎಂಬಂತೆ ನೋಡಿದಳು.

ಬೆಂಗಳೂರು

ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಇಳಿದಾಗ ಬೆಳಗಿನ ಜಾವ. ಮನೆಗೆ ಬಂದು ಚೀಲ ಬಿಚ್ಚಿದರೆ ಕೋಣೆಯೆಲ್ಲ ಪಾಚಿಯ ವಾಸನೆ. ಅದರಡಿಯಿಂದ ಇನ್ನೊಂದು ವಾಸನೆ ಮೆಲ್ಲಗೆ ಎದ್ದು ಬಂತು. ಮೂಗು ವಾಸಿಯಾಗಿತ್ತು.

ಊರಿಗೆ ಫೋನ್ ಮಾಡಿದೆ. ಅಬ್ಬಿ ನಮ್ಮ ಜೋಗಕ್ಕಿಂತ ದೊಡ್ಡದಿತ್ತೇ ಎಂದು ಅಮ್ಮ ಕೇಳಿದಳು. ಇಲ್ಲ ಎಂದಾಗ ಅವಳ ಆಸಕ್ತಿ ಮುಗಿಯಿತು. ಅಪ್ಪ ಫೋನ್ ತೆಗೆದುಕೊಂಡರು. ಪಾಪಂತ್ಲಾಕ್ಕೆ ಹೋಗಿದ್ದೆ, ಒಂದು ಕಟ್ಟು ಕೋಡು ತಂದಿದ್ದೇನೆ ಎಂದೆ. ಆ ಕಡೆ ಸ್ವಲ್ಪ ಹೊತ್ತು ಸದ್ದಿರಲಿಲ್ಲ.

"ಹಸಿ ಕೋಡಿಗೆ ಅಲ್ಲಿ ಕಿಲೋಗೆ ಎಷ್ಟಿದೆ?"

ಕೇಳಲಿಲ್ಲ ಎಂದೆ.

"ಅಷ್ಟು ದೂರ ಹೋದವಳು," ಎಂದರು ಅಪ್ಪ, "ಅದೊಂದನ್ನು ಕೇಳಬಾರದಿತ್ತೇ?"